ಆರು ಇಂಚಿನ ಪರದೆಯಲ್ಲಿ ಕನ್ನಡ

ಪುಸ್ತಕ ಓದುವುದಕ್ಕೆಂದೇ ಮಾಡಿದ ಇ-ರೀಡರ್ ಎಂಬ ಸಾಧನವನ್ನು ಕೊಳ್ಳಲೋ ಬೇಡವೋ ಎಂದು ವಿಚಾರಿಸುವ ಗೆಳೆಯರನ್ನು ನಾನು ಮೊದಲು ಕೇಳುವುದು, ಅವರು ಹೆಚ್ಚಾಗಿ ಓದುವುದು ಕನ್ನಡವನ್ನೋ ಇಂಗ್ಲಿಷನ್ನೋ ಎಂದು. ಇಂಗ್ಲಿಷ್ ಓದುವವರಿಗೆ ಈ ಸಾಧನ ಡಬ್ಬಿಯಿಂದ ಹೊರತೆಗೆದ ದಿನವೇ ಕೈಗೆ ಹೊಂದಿಕೊಳ್ಳುತ್ತದೆ; ಪುಸ್ತಕ ಸಿಗುತ್ತದೆ, ಅಕ್ಷರ ಸರಿಯಾಗಿ ಮೂಡುತ್ತದೆ, ಪದದ ಮೇಲೆ ಬೆರಳಿಟ್ಟರೆ ಅರ್ಥವೂ ತೆರೆದುಕೊಳ್ಳುತ್ತದೆ. ಕನ್ನಡ ಓದುವವರ ಕೆಲಸ ಅಷ್ಟು ಬೇಗ ಮುಗಿಯುವುದಿಲ್ಲ. ಪುಸ್ತಕವನ್ನು ಎಲ್ಲಿಂದ ತರಬೇಕು, ತಂದ ಕಡತದಲ್ಲಿ ಇರುವುದು ಅಕ್ಷರವೋ ಅಕ್ಷರದ ಚಿತ್ರವೋ, ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರುತ್ತವೆಯೋ ಇಲ್ಲವೋ ಎಂಬುದನ್ನೆಲ್ಲ ಓದುಗರೇ ನೋಡಿಕೊಳ್ಳಬೇಕು. ಇಷ್ಟಾದರೂ ಈ ಸಾಧನ ನನ್ನ ಓದಿಗೆ ಮಾಡಿರುವ ಉಪಕಾರ ದೊಡ್ಡದು ಎಂದು ನಾನು ಮನಸಾರೆ ನಂಬಿದ್ದೇನೆ, ಆದ್ದರಿಂದಲೇ ಅದಕ್ಕೆ ಒಗ್ಗಿಕೊಂಡ ಬಗೆಯನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಮನೆ ದಾವಣಗೆರೆಯಲ್ಲಿ, ನೌಕರಿ ಚಿತ್ರದುರ್ಗದಲ್ಲಿ. ನಡುವಿನ 60 ಕಿಲೋಮೀಟರಿನಷ್ಟು ದಾರಿಯನ್ನು ಬಸ್ಸಿನಲ್ಲಿ ಹೋಗಿ ಬರುವವರು ನನ್ನಂತೆ ಅನೇಕರಿದ್ದಾರೆ. ಆನಗೋಡು, ಭರಮಸಾಗರ, ಸಿರಿಗೆರೆ ಕ್ರಾಸ್ ದಾಟಿ ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಒಂದು ಅಧ್ಯಾಯ ಮುಗಿದಿರಬೇಕು ಎಂಬುದು ನನ್ನ ಲೆಕ್ಕಾಚಾರ. ಊಟದ ಡಬ್ಬಿ, ನೀರಿನ ಬಾಟಲಿ, ಕಚೇರಿಯ ಕಾಗದಪತ್ರ ತುಂಬಿದ ಚೀಲದಲ್ಲಿ ಆರುನೂರು ಪುಟದ ಕಾದಂಬರಿಗೆ ಜಾಗ ಹೊಂದಿಸುವುದು ಕಷ್ಟ. ಸೀಟು ಸಿಗದ ದಿನ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ದಪ್ಪ ಪುಸ್ತಕ ಬಿಡಿಸಿ ಹಿಡಿಯುವುದಂತೂ ಆಗದ ಮಾತು. ಇನ್ನೂರು ಗ್ರಾಮಿನ ಆಸುಪಾಸಿನ ತೂಕದ, ಹೆಬ್ಬೆರಳಿನಿಂದಲೇ ಪುಟ ತಿರುಗಿಸಬಹುದಾದ ಸಾಧನವು ನನಗೆ ಮೊದಲು ಹಿಡಿಸಿದ್ದು ಈ ಕಾರಣಕ್ಕೆ.

ಮೊಬೈಲಿನಲ್ಲೇ ಓದಬಹುದಲ್ಲ, ಇನ್ನೊಂದು ಯಂತ್ರ ಯಾಕೆ ಎಂದು ಬಸ್ಸಿನ ಸಹಪ್ರಯಾಣಿಕರು ಕೇಳುತ್ತಾರೆ. ಅದಕ್ಕೆ ಉತ್ತರ ಪರದೆಯಲ್ಲಿದೆ. ಮೊಬೈಲಿನ ಪರದೆ ತಾನೇ ಬೆಳಕನ್ನು ಹೊರಸೂಸುತ್ತದೆ. ಹೊರಗೆ ಬಿಸಿಲು ಹೆಚ್ಚಿದಷ್ಟೂ ಅದು ಆ ಬಿಸಿಲಿನ ಜತೆ ಪೈಪೋಟಿಗೆ ಇಳಿಯಬೇಕಾಗುತ್ತದೆ. ಇ-ರೀಡರಿನ ಪರದೆ ಕಾಗದದಂತೆ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆದ ಸಂಶೋಧನೆಯಿಂದ ಹುಟ್ಟಿ 1997ರಲ್ಲಿ ಕಂಪನಿಯಾಗಿ ರೂಪುಗೊಂಡ ಇ ಇಂಕ್ ಸಂಸ್ಥೆಯ ತಂತ್ರಜ್ಞಾನವಿದು. ಪರದೆಯೊಳಗೆ ಕೂದಲೆಳೆಯ ದಪ್ಪದ ಅಸಂಖ್ಯ ಕೋಶಗಳಿರುತ್ತವೆ. ಒಂದೊಂದು ಕೋಶದ ದ್ರವದಲ್ಲಿಯೂ ಬಿಳಿಯ ಮತ್ತು ಕರಿಯ ಕಣಗಳು ಪರಸ್ಪರ ವಿರುದ್ಧವಾದ ವಿದ್ಯುದಂಶವನ್ನು ಹೊತ್ತು ತೇಲುತ್ತಿರುತ್ತವೆ. ಕೆಳಗಿನಿಂದ ವಿದ್ಯುತ್ ಹರಿಸಿದಾಗ ಎಲ್ಲಿ ಕರಿಯ ಕಣಗಳು ಮೇಲಕ್ಕೆ ಬರುತ್ತವೆಯೋ ಅಲ್ಲಿ ಅಕ್ಷರ, ಎಲ್ಲಿ ಬಿಳಿಯ ಕಣಗಳು ಬರುತ್ತವೆಯೋ ಅಲ್ಲಿ ಹಾಳೆ. ಒಮ್ಮೆ ಮೇಲೆ ಬಂದ ಕಣಗಳು ವಿದ್ಯುತ್ ನಿಂತ ಮೇಲೂ ಅಲ್ಲಿಯೇ ಉಳಿಯುವುದರಿಂದ, ಪುಟ ಬದಲಾಗುವಾಗ ಬಿಟ್ಟರೆ ಪರದೆಗೆ ಹೆಚ್ಚಿನ ಚಾರ್ಜು ಬೇಕಾಗುವುದಿಲ್ಲ. ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ಬರುವ ಗುಟ್ಟು ಇದೇ. ಈ ಪರದೆಯ ಮೊದಲ ಓದು-ಸಾಧನವನ್ನು ಸೋನಿ ಕಂಪನಿಯು 2004ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ತಂದಿತು. ಅಮೆಜಾನಿನ ಕಿಂಡಲ್ ಬಂದದ್ದು 2007ರ ನವೆಂಬರಿನಲ್ಲಿ. ಅಂಚಿನ ಪುಟ್ಟ ದೀಪಗಳಿಂದ ಹಾಳೆಯ ಮೇಲೆ ಬೆಳಕು ಹರಡುವ ವ್ಯವಸ್ಥೆ 2012ರ ಹೊತ್ತಿಗೆ ಬಂತು, ಅಂದಿನಿಂದ ಕತ್ತಲಲ್ಲಿಯೂ ಓದುವುದು ಸಾಧ್ಯವಾಯಿತು.

ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲು ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬಸ್ಸಿನ ಕಿಟಕಿಯಿಂದ ಆ ಬಿಸಿಲು ನೇರವಾಗಿ ಪರದೆಯ ಮೇಲೆ ಬಿದ್ದಾಗ ಪಕ್ಕದವರ ಮೊಬೈಲು ಕನ್ನಡಿಯಂತಾಗಿ ಅವರ ಮುಖವನ್ನೇ ತೋರಿಸುತ್ತದೆ, ನನ್ನ ಪುಟ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಣ್ಣಿಗೆ ತೊಡಕೆನಿಸಿದ್ದು ಪುಟ ತಿರುಗುವಾಗ ಪರದೆ ಒಮ್ಮೆ ಪೂರ್ತಿ ಕಪ್ಪಾಗಿ ಮಿನುಗುವುದು ಮಾತ್ರ. ಹಿಂದಿನ ಪುಟದ ಮಸುಕು ಗುರುತು ಉಳಿಯದಿರಲೆಂದು ಎಲ್ಲ ಕಣಗಳನ್ನೂ ಒಮ್ಮೆ ಅಲುಗಾಡಿಸುವ ಕ್ರಮ ಅದು. ಎಷ್ಟು ಪುಟಗಳಿಗೊಮ್ಮೆ ಹೀಗಾಗಬೇಕೆಂದು ಸೆಟ್ಟಿಂಗಿನಲ್ಲಿ ಆರಿಸಿಕೊಳ್ಳುವ ಅವಕಾಶ ಹಲವು ಸಾಧನಗಳಲ್ಲಿದೆ. ಕೆಲವೇ ದಿನಗಳಲ್ಲಿ ಕಣ್ಣು ಅದನ್ನು ಗಮನಿಸುವುದನ್ನೇ ಬಿಡುತ್ತದೆ.

ಇಲ್ಲಿಯವರೆಗಿನದು ಯಾವ ಭಾಷೆಯ ಓದುಗರಿಗೂ ಸಲ್ಲುವ ಮಾತು. ಕನ್ನಡದ ನಿಜವಾದ ಕೆಲಸ ಇನ್ನು ಮುಂದೆ ಇದೆ.

ನಮ್ಮ ಲಿಪಿ ಸಾಲಿನ ಮೇಲೆ ಮಾತ್ರ ಇರುವುದಲ್ಲ, ಸಾಲಿನ ಕೆಳಗೂ ಇಳಿಯುತ್ತದೆ. ‘ರಾಷ್ಟ್ರ’ ಎಂದು ಬರೆದಾಗ ಷಕಾರದ ಅಡಿಯಲ್ಲಿ ಟಕಾರದ ಒತ್ತೂ ಅದರೊಂದಿಗೆ ರಕಾರದ ಒತ್ತೂ ಸೇರಿಕೊಳ್ಳುತ್ತವೆ. ಅದರ ಕೆಳಗಿನ ಸಾಲಿನಲ್ಲಿ ‘ಕೀ’ ಎಂಬಂತಹ ಗುಡಿಸಿನ ಅಕ್ಷರ ಬಂದರೆ, ಮೇಲಿನ ಒತ್ತಿನ ಬಾಲವೂ ಕೆಳಗಿನ ಗುಡಿಸಿನ ತಲೆಯೂ ಒಂದಕ್ಕೊಂದು ತಾಗುತ್ತವೆ. ರೋಮನ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಿಗದಿ ಮಾಡಿದ ಸಾಲಿನ ಅಂತರದಲ್ಲಿ ಕನ್ನಡದ ಪುಟ ಇಕ್ಕಟ್ಟಾಗಿ ಕಾಣುವುದು ಇದರಿಂದಲೇ. ಆದ್ದರಿಂದ ಕನ್ನಡಕ್ಕೆ ಸಾಲಿನ ಅಂತರವನ್ನು ಮೊದಲು ಹೆಚ್ಚಿಸಿಕೊಳ್ಳಬೇಕು. ಅಕ್ಷರದ ಗಾತ್ರವನ್ನು ಮುಟ್ಟುವುದು ಆಮೇಲೆ. ಈ ಒಂದು ಬದಲಾವಣೆಯಿಂದ ಓದಿನ ಆಯಾಸ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಮಾಡಿ ನೋಡಿದವರೇ ಬಲ್ಲರು.

ಎರಡನೆಯದು ಪದಗಳ ಉದ್ದ. ‘ಹೊರಟುಹೋಗಬೇಕಾಗಿತ್ತೆಂಬುದನ್ನು’ ಎಂಬಂತಹ ಪದ ಕನ್ನಡದ ಗದ್ಯದಲ್ಲಿ ಸಹಜವಾಗಿ ಬರುತ್ತದೆ, ಆದರೆ ಆರು ಇಂಚಿನ ಪರದೆಯಲ್ಲಿ ಅಂಥದೊಂದು ಪದ ಒಂದು ಸಾಲನ್ನೇ ನುಂಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಸಾಲಿನ ಕೊನೆಗೆ ಬಂದ ಪದವನ್ನು ಅಡ್ಡಗೆರೆ ಹಾಕಿ ಮುರಿಯುವ ಏರ್ಪಾಡು ಇರುತ್ತದೆ. ನನ್ನ ಸಾಧನದಲ್ಲಿ ಕನ್ನಡಕ್ಕೆ ಅದಿಲ್ಲ. ಹೀಗಾಗಿ ಉದ್ದದ ಪದ ಇಡಿಯಾಗಿ ಕೆಳಗಿನ ಸಾಲಿಗೆ ಹೋಗುತ್ತದೆ, ಮೇಲೆ ಉಳಿದ ಎರಡು ಪದಗಳನ್ನು ಸಾಲಿನ ಎರಡೂ ತುದಿಗೆ ಎಳೆದು ನಿಲ್ಲಿಸಲಾಗುತ್ತದೆ, ನಡುವೆ ಬಯಲು ಬೀಳುತ್ತದೆ. ಎರಡೂ ಅಂಚುಗಳನ್ನು ಸರಿಗಟ್ಟುವ ಆ ವ್ಯವಸ್ಥೆಯನ್ನು ತೆಗೆದುಹಾಕಿ ಎಡ ಅಂಚನ್ನು ಮಾತ್ರ ನೇರವಾಗಿಟ್ಟುಕೊಂಡರೆ ಬಲ ಅಂಚು ಏರುಪೇರಾಗುತ್ತದೆ ನಿಜ, ಆದರೆ ಓದು ಸರಾಗವಾಗುತ್ತದೆ. ಅಚ್ಚಿನ ಅಂದವನ್ನು ಬಹಳ ಇಷ್ಟಪಡುವ ನನಗೆ ಕೂಡ ಈ ಏರುಪೇರು ಈಗ ಹಿತವಾಗಿದೆ.

ಮೂರನೆಯದು ಫಾಂಟು. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ವ್ಯತ್ಯಾಸ ಅಡಿಯ ಒಂದು ಸಣ್ಣ ಸೀಳು ಮಾತ್ರ. ಇಂಚಿಗೆ 300 ಚುಕ್ಕಿಗಳಿರುವ ಪರದೆಯಲ್ಲಿ ಆ ಸೀಳು ಚೆನ್ನಾಗಿ ಕಾಣುತ್ತದೆ. 167 ಚುಕ್ಕಿಗಳ ಹಳೆಯ ಪರದೆಗಳಲ್ಲಿ ಅಕ್ಷರ ಚಿಕ್ಕದಾದರೆ ಅದು ಮಸಿಯಲ್ಲಿ ಮುಚ್ಚಿಹೋಗುತ್ತದೆ. ಗೆರೆಗಳು ಒಂದೆಡೆ ದಪ್ಪ, ಇನ್ನೊಂದೆಡೆ ತೆಳುವಾಗಿರುವ ಫಾಂಟುಗಳು ಕಾಗದದ ಮೇಲೆ ಸೊಗಸಾಗಿದ್ದರೂ ಈ ಬೂದು ಹಾಳೆಯ ಮೇಲೆ ಅವುಗಳ ತೆಳು ಗೆರೆಗಳು ಸೋತಂತೆ ಕಾಣುತ್ತವೆ. ಉದ್ದಕ್ಕೂ ಒಂದೇ ದಪ್ಪದ ಗೆರೆಯಿರುವ ನೋಟೋ ಸ್ಯಾನ್ಸ್ ಕನ್ನಡದಂತಹ ಉಚಿತ ಫಾಂಟನ್ನು ನಾನು ಆರಿಸಿಕೊಂಡಿದ್ದೇನೆ. ಸಾಧನ ಕನ್ನಡದ ಫಾಂಟನ್ನು ತಾನಾಗಿ ಕೊಡದಿದ್ದರೆ ಪುಸ್ತಕದ ಕಡತದೊಳಗೇ ಅದನ್ನು ಸೇರಿಸಬಹುದು, ಏಕೆಂದರೆ ಇ-ಪಬ್ ಎಂಬ ಇ-ಪುಸ್ತಕದ ಕಡತವು ವೆಬ್ ಪುಟಗಳನ್ನು, ಅವುಗಳ ಅಲಂಕಾರದ ಸೂಚನೆಗಳನ್ನು, ಚಿತ್ರಗಳನ್ನು ಒಟ್ಟುಗೂಡಿಸಿ ಜಿಪ್ ಮಾಡಿದ ಒಂದು ಕಟ್ಟು. ಈ ಕೆಲಸಕ್ಕೆ ನಾನು ಬಳಸುವ ಕ್ಯಾಲಿಬರ್ ತಂತ್ರಾಂಶವನ್ನು ಕೋವಿದ್ ಗೋಯಲ್ ಎಂಬುವರು 2006ರಲ್ಲಿ, ಆಗಿನ ಸೋನಿ ಸಾಧನವು ಲಿನಕ್ಸ್ ಕಂಪ್ಯೂಟರಿನ ಜತೆ ಕೆಲಸ ಮಾಡದಿದ್ದುದರಿಂದ ಬರೆಯಲು ಆರಂಭಿಸಿದರು. ಅದು ಇಂದಿಗೂ ಉಚಿತವಾಗಿ ಸಿಗುತ್ತದೆ. ಫಾಂಟು ಇದ್ದರಷ್ಟೇ ಸಾಲದು, ಅಕ್ಷರಗಳನ್ನು ಜೋಡಿಸುವ ತಂತ್ರಾಂಶವೂ ಸಾಧನದಲ್ಲಿ ಇರಬೇಕು. ಅದಿಲ್ಲದ ಕಡೆ ಒತ್ತು ಒತ್ತಾಗದೆ, ಅರ್ಧಾಕ್ಷರವೂ ಅದರ ಮುಂದೆ ಪೂರ್ಣಾಕ್ಷರವೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ಕೊಳ್ಳುವ ಮುನ್ನ ಅಂಗಡಿಯಲ್ಲೋ ಪರಿಚಯದವರ ಬಳಿಯೋ ಕನ್ನಡದ ಒಂದು ಕಡತವನ್ನು ತೆರೆದು ನೋಡಲೇಬೇಕು ಎಂದು ನಾನು ಒತ್ತಾಯ ಮಾಡುವುದು ಇದಕ್ಕೇ.

ಮನೆಯಲ್ಲಿ ಈ ಸಾಧನ ಹೆಚ್ಚಾಗಿ ಅಪ್ಪಾಜಿಯವರ ಕೈ ಸೇರಿದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲಿನ ತಿಂಗಳುಗಳಲ್ಲಿ ಅವರಿಗೆ ದಿನಪತ್ರಿಕೆಯ ತಲೆಬರಹ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಒಂದು ಸಂಜೆ ನನ್ನ ಪಕ್ಕ ಕುಳಿತು ಪರದೆಯನ್ನು ನೋಡುತ್ತಿದ್ದವರು, “ಇದ್ರಾಗೆ ಅಕ್ಷರ ಇನ್ನಾ ದಪ್ಪ ಆಗ್ತಾವೇನವ್ವಾ?” ಎಂದು ಕೇಳಿದರು. ವಚನಗಳ ಒಂದು ಕಡತವನ್ನು ತೆರೆದು, ಸಾಲಿಗೆ ಎರಡು ಮೂರು ಪದ ಮಾತ್ರ ಹಿಡಿಯುವಷ್ಟು ಅಕ್ಷರವನ್ನು ದೊಡ್ಡದು ಮಾಡಿ ಕೊಟ್ಟೆ. ಅವರು ಕನ್ನಡಕ ತೆಗೆದು, ಪರದೆಯನ್ನು ಮೊಳದ ದೂರದಲ್ಲಿ ಹಿಡಿದು, ತುಟಿಯಲ್ಲೇ ಓದಲು ಶುರು ಮಾಡಿದರು. ವಚನಗಳು ಗಾತ್ರದಲ್ಲಿ ಕಿರಿದಾದ್ದರಿಂದ ಇಷ್ಟು ದಪ್ಪ ಅಕ್ಷರದಲ್ಲಿಯೂ ಎರಡು ಪುಟ ತಿರುಗಿಸುವಷ್ಟರಲ್ಲಿ ಒಂದು ಮುಗಿಯುತ್ತಿತ್ತು, ಎಳೆ ಕೈತಪ್ಪುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವರು ಕೇಳಿದ್ದು, “ಪುಟ ಹಿಂದಕ್ಕೆ ಹೋಗಾದು ಹೆಂಗೆ?” ಎಂದು, ಅಷ್ಟು ಹೇಳಿಕೊಟ್ಟ ಮೇಲೆ ನನ್ನ ಸಹಾಯ ಅವರಿಗೆ ಬೇಕಾಗಲಿಲ್ಲ. ವಯಸ್ಸಾದವರಿಗೆ ಗ್ಯಾಜೆಟ್ಟು ಒಗ್ಗುವುದಿಲ್ಲ ಎಂದು ಸುಮ್ಮನೆ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವರಿಗೆ ಬೇಕಾದ ಕೆಲಸವನ್ನು ಅದು ಮಾಡಿಕೊಟ್ಟರೆ, ಬೇಡದ ನೂರು ಗುಂಡಿಗಳನ್ನು ತೋರಿಸದಿದ್ದರೆ, ಅವರೂ ನಮ್ಮಷ್ಟೇ ಬೇಗ ಕಲಿಯುತ್ತಾರೆ.

ಶಸ್ತ್ರಚಿಕಿತ್ಸೆಯ ನಂತರ ಕಣ್ಣಿಗೆ ಪಟ್ಟಿ ಹಾಕಿದ್ದ ದಿನಗಳಲ್ಲಿ ನೆರವಿಗೆ ಬಂದದ್ದು ಮೊಬೈಲು. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಕನ್ನಡದಲ್ಲಿಯೂ ಇದೆ. ವರದಿ, ಪ್ರಬಂಧ, ಪ್ರವಾಸ ಕಥನಗಳಂತಹ ಗದ್ಯವನ್ನು ಆ ಯಂತ್ರದ ದನಿ ತಕ್ಕಮಟ್ಟಿಗೆ ಚೆನ್ನಾಗಿಯೇ ಓದುತ್ತದೆ. ಪದ್ಯದಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕು ಎಂಬುದು ಅದಕ್ಕೆ ತಿಳಿಯುವುದಿಲ್ಲ. ಆದರೆ ಅಕ್ಷರವನ್ನು ದೊಡ್ಡದು ಮಾಡುವುದಕ್ಕಾಗಲಿ ದನಿಯಾಗಿಸುವುದಕ್ಕಾಗಲಿ ಕಡತದಲ್ಲಿರುವುದು ಎಲ್ಲ ಕಂಪ್ಯೂಟರುಗಳೂ ಒಂದೇ ಬಗೆಯಲ್ಲಿ ಗುರುತಿಸುವ ನಿಜವಾದ ಯೂನಿಕೋಡ್ ಅಕ್ಷರವೇ ಆಗಿರಬೇಕು. ಪುಟದ ಫೋಟೋವನ್ನು ಹಿಗ್ಗಿಸಿದರೆ ಸಾಲುಗಳು ಪರದೆಯಾಚೆಗೆ ಹೋಗುತ್ತವೆ, ಓದಿ ಹೇಳು ಎಂದರೆ ಮೊಬೈಲು ಸುಮ್ಮನಿರುತ್ತದೆ. ಕಣ್ಣು ಕಾಣದವರ ಪಾಲಿಗೆ ಇದು ಅನುಕೂಲದ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ಅಚ್ಚಾದ ಕೃತಿಗಳನ್ನು ಅಂಧರು ಓದಬಲ್ಲ ರೂಪಕ್ಕೆ ತರಲು ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯು 2012ರ ತಿದ್ದುಪಡಿಯಲ್ಲಿಯೇ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಾಕೇಶ್ ಅಂತರರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶ ಭಾರತ. ಕಾನೂನು ಇಷ್ಟು ಮುಂದಿರುವಾಗ ಕನ್ನಡದ ಪುಸ್ತಕಗಳು ಇನ್ನೂ ಚಿತ್ರದ ರೂಪದಲ್ಲೇ ಹರಿದಾಡುವುದು ನನಗೆ ನೋವಿನ ಸಂಗತಿ.

ಹಾಗಾದರೆ ಅಕ್ಷರರೂಪದ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ? 2016ರ ಕೊನೆಯಲ್ಲಿ ಕಿಂಡಲ್ ಅಂಗಡಿ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಅದು ಹೆಸರಿಸಿದ್ದು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳನ್ನು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಮತ್ತು ಕನ್ನಡದವರೇ ಕಟ್ಟಿದ ಮೈಲ್ಯಾಂಗ್‌ನಂತಹ ಆ್ಯಪ್‌ಗಳಲ್ಲಿ ಹೊಸ ಪುಸ್ತಕಗಳು ಸಿಗುತ್ತವೆ, ಮೊಬೈಲಿನಲ್ಲೂ ಟ್ಯಾಬಿನಲ್ಲೂ ಅವನ್ನು ಓದಬಹುದು. ಇ-ರೀಡರಿನಲ್ಲಿ ಓದುವುದಕ್ಕೆ ನನಗೆ ಹೆಚ್ಚು ಒದಗಿರುವುದು ಮುಕ್ತ ಕೃತಿಗಳನ್ನು ಸ್ವಯಂಸೇವಕರು ಸೇರಿಸುವ ಜಾಲತಾಣವಾದ ಕನ್ನಡ ವಿಕಿಸೋರ್ಸ್, ಏಕೆಂದರೆ ಅಲ್ಲಿಯ ಕೃತಿಗಳನ್ನು ನೇರವಾಗಿ ಇ-ಪಬ್ ರೂಪದಲ್ಲಿ ಇಳಿಸಿಕೊಳ್ಳಬಹುದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಕಳೆದರೆ ಕೃತಿಯ ಹಕ್ಕುಸ್ವಾಮ್ಯ ಮುಗಿಯುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ್ದೆಲ್ಲ 2024ರ ಜನವರಿಯಲ್ಲಿ, 1964ರಲ್ಲಿ ತೀರಿಕೊಂಡ ಆಲೂರು ವೆಂಕಟರಾಯರದು 2025ರ ಜನವರಿಯಲ್ಲಿ ಎಲ್ಲರ ಸ್ವತ್ತಾಯಿತು. ಹೊಸ ವರ್ಷದ ದಿನ ಈ ವರ್ಷ ಯಾರ ಬರಹ ಮುಕ್ತವಾಯಿತು ಎಂದು ನೋಡುವುದು ನನಗೊಂದು ಸಂತೋಷದ ರೂಢಿ.

ಮುಕ್ತವಾದ ಮಾತ್ರಕ್ಕೆ ಪುಸ್ತಕ ಪರದೆಗೆ ಬರುವುದಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿವೆ, ಆದರೆ ಅವೆಲ್ಲ ಚಿತ್ರಗಳು. ಡೆಮಿ ಅಷ್ಟದಳದ, ಅಂದರೆ ನಮ್ಮ ಸಾಮಾನ್ಯ ಪುಸ್ತಕದ ಅಳತೆಯ, ಒಂದು ಪುಟವನ್ನು ಆರು ಇಂಚಿನ ಪರದೆಗೆ ಕೂರಿಸಿದಾಗ ಅದು ಅರ್ಧಕ್ಕಿಂತ ತುಸು ಹೆಚ್ಚಿನ ಗಾತ್ರಕ್ಕೆ ಕುಗ್ಗುತ್ತದೆ. ಅಂಚುಗಳನ್ನು ಕತ್ತರಿಸಿ, ಸಾಧನವನ್ನು ಅಡ್ಡಲಾಗಿ ಹಿಡಿದು ಅರ್ಧರ್ಧ ಪುಟ ಓದುವುದು ಸದ್ಯದ ಪರಿಹಾರ. ದೊಡ್ಡ ಪರದೆಯ ಟ್ಯಾಬಿದ್ದರೆ ಅದೇ ವಾಸಿ. ಕಾಯಂ ಪರಿಹಾರವೆಂದರೆ ಆ ಚಿತ್ರಗಳನ್ನು ಯಂತ್ರದಿಂದ ಓದಿಸಿ ಅಕ್ಷರವಾಗಿಸಿ, ಆಮೇಲೆ ಮನುಷ್ಯರು ಕುಳಿತು ತಿದ್ದುವುದು. ವಿಕಿಸೋರ್ಸ್‌ನಲ್ಲಿ ಈ ಕೆಲಸ ಪುಟ ಪುಟವಾಗಿ ನಡೆಯುತ್ತದೆ. ಒಬ್ಬರು ತಿದ್ದಿದ ಪುಟ ಹಳದಿ, ಇನ್ನೊಬ್ಬರು ಮತ್ತೊಮ್ಮೆ ನೋಡಿ ಖಚಿತಪಡಿಸಿದ ಪುಟ ಹಸಿರು. ಸಂಜೆ ಮನೆಗೆ ಮರಳುವ ಬಸ್ಸಿನಲ್ಲಿ ಸೀಟು ಸಿಕ್ಕಾಗ ನಾನೂ ಮೊಬೈಲಿನಲ್ಲಿ ಒಂದೆರಡು ಪುಟ ತಿದ್ದುತ್ತೇನೆ. ನನ್ನ ಮೊಬೈಲಿನಿಂದ ನಾನು ಪಡೆಯುತ್ತಿರುವ ಅತ್ಯುತ್ತಮ ಉಪಯೋಗ ಇದೆಂದು ನನಗನ್ನಿಸುತ್ತದೆ. ಕೈಗೆ ಕಟ್ಟುವ ಸ್ಮಾರ್ಟ್ ವಾಚನ್ನು ಕೆಲವು ಕಾಲ ಬಳಸಿದೆ. ಓದುವಾಗ ಮಣಿಕಟ್ಟಿನ ಮೇಲೆ ಅದು ನಡುಗುವುದು ಬೇಡವೆನಿಸಿ ತಮ್ಮನಿಗೆ ಕೊಟ್ಟೆ.

ಕಾಗದದ ಪುಸ್ತಕವನ್ನು ನಾನು ಬಿಟ್ಟಿಲ್ಲ, ಬಿಡುವ ಉದ್ದೇಶವೂ ಇಲ್ಲ. ಹಿಂದೆ ಓದಿದ ಮಾತೊಂದು ಎಡ ಪುಟದ ಕೆಳಭಾಗದಲ್ಲಿತ್ತು ಎಂದು ಕಣ್ಣು ನೆನಪಿಟ್ಟುಕೊಳ್ಳುತ್ತದೆಯಲ್ಲ, ಆ ನೆನಪಿಗೆ ಇ-ರೀಡರಿನಲ್ಲಿ ಆಧಾರವಿಲ್ಲ. ಅಕ್ಷರದ ಗಾತ್ರ ಬದಲಾದರೆ ಪುಟವೇ ಬದಲಾಗುತ್ತದೆ. ಹಿಂದೆ ಮುಂದೆ ತಿರುವಿ ಹೋಲಿಸಿ ಓದಬೇಕಾದ ವಿಮರ್ಶೆ, ಇತಿಹಾಸ, ನಕ್ಷೆಗಳಿರುವ ಗ್ರಂಥಗಳಿಗೆ ಕಾಗದವೇ ಸರಿ. ಮೊದಲಿನಿಂದ ಕೊನೆಯವರೆಗೆ ಒಂದೇ ಹರಿವಿನಲ್ಲಿ ಸಾಗುವ ಕಥೆ, ಕಾದಂಬರಿ, ಆತ್ಮಕಥೆಗಳಿಗೆ ಇ-ರೀಡರ್ ಸರಿ. ಇನ್ನೊಂದು ವಿಷಯ ನೆರೆಹೊರೆಗೆ ಸಂಬಂಧಿಸಿದ್ದು. ನಮ್ಮ ಬೀದಿಯಲ್ಲಿ ಒಂದು ಪುಸ್ತಕ ನಾಲ್ಕು ಮನೆ ಸುತ್ತಿ ಹಿಂದಿರುಗುತ್ತದೆ, ಹಿಂದಿರುಗುವಾಗ ಅದರ ಜತೆ ಅಭಿಪ್ರಾಯಗಳೂ ಬರುತ್ತವೆ. ನಕಲು ಮಾಡಲಾಗದಂತೆ ಬೀಗ ಹಾಕಿ ಮಾರುವ ಇ-ಪುಸ್ತಕಗಳಿಗೆ ಈ ಸುತ್ತಾಟವಿಲ್ಲ. ಹಣ ಕೊಟ್ಟಾಗ ನಮಗೆ ದೊರೆಯುವುದು ಓದುವ ಪರವಾನಗಿ ಮಾತ್ರ. 2009ರಲ್ಲಿ ಅಮೆಜಾನ್ ತಾನು ಮಾರಿದ್ದ ಎರಡು ಕಾದಂಬರಿಗಳ ಪ್ರತಿಗಳನ್ನು, ಅವನ್ನು ಅಲ್ಲಿ ಮಾರಾಟಕ್ಕಿಟ್ಟವರಿಗೆ ಅದರ ಹಕ್ಕಿರಲಿಲ್ಲವೆಂಬ ಕಾರಣಕ್ಕೆ, ಓದುಗರ ಸಾಧನಗಳಿಂದಲೇ ಅಳಿಸಿಹಾಕಿದ್ದು ಜಗತ್ತಿಗೇ ಸುದ್ದಿಯಾಗಿತ್ತು. ಹೀಗಾಗಿ ಬೀಗವಿಲ್ಲದ ಇ-ಪಬ್ ಕೊಡುವ ಪ್ರಕಾಶಕರಿಂದ ಕೊಳ್ಳಲು ನಾನು ಮೊದಲ ಆದ್ಯತೆ ಕೊಡುತ್ತೇನೆ.

ಈಗ ಕೈಗೆತ್ತಿಕೊಂಡಿರುವ ಕೆಲಸದ ಬಗ್ಗೆ ಹೇಳಬೇಕು. ನಮ್ಮ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು ದುರ್ಗದ ಸುತ್ತಲಿನ ಕೆರೆಗಳ ಬಗ್ಗೆ ಬರೆದ ಬರಹಗಳನ್ನೆಲ್ಲ ವರ್ಷಗಳ ಹಿಂದೆ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿಟ್ಟಿದ್ದಾರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿದ್ದರೂ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಬಹುಕಾಲ ನಡೆದದ್ದು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಇಟ್ಟ ಫಾಂಟುಗಳು. ಆ ಕಾಲಕ್ಕೆ ಅವು ಕನ್ನಡವನ್ನು ಕಂಪ್ಯೂಟರಿಗೆ ತಂದ ಪುಣ್ಯದ ಕೆಲಸವನ್ನೇ ಮಾಡಿದವು. ಆದರೆ ಆ ಕಡತವನ್ನು ಇ-ರೀಡರಿನಲ್ಲಿ ತೆರೆದರೆ ‘ಕನ್ನಡ’ ಎಂಬ ಮೂರಕ್ಷರದ ಜಾಗದಲ್ಲಿ ದೊಡ್ಡ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡಿನ ಚಿಹ್ನೆ, ಜರ್ಮನ್ ಅಕ್ಷರ, ಸಣ್ಣ ಕ್ಯೂ ಸಾಲಾಗಿ ನಿಲ್ಲುತ್ತವೆ. ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಅವು ಬಹುಪಾಲು ಕೆಲಸವನ್ನು ಕ್ಷಣದಲ್ಲಿ ಮುಗಿಸುತ್ತವೆ. ಉಳಿಯುವುದು ಅರ್ಕಾವತ್ತಿನ ಕೆಲಸ. ಹಳೆಯ ಫಾಂಟಿನಲ್ಲಿ ‘ದುರ್ಗ’ದ ಅರ್ಕಾವತ್ತು ಗಕಾರದ ನಂತರ ಟೈಪಾಗಿರುತ್ತದೆ, ಯೂನಿಕೋಡಿನಲ್ಲಿ ರಕಾರ ಗಕಾರದ ಮೊದಲು ಬರಬೇಕು, ಪರಿವರ್ತಕವು ಈ ಹಿಂದುಮುಂದನ್ನು ಒಮ್ಮೊಮ್ಮೆ ತಪ್ಪಿಸುತ್ತದೆ. ಕೆರೆ, ಏರಿ, ತೂಬು, ಕೋಡಿಗಳ ವಿವರ ತುಂಬಿದ ಈ ಬರಹದಲ್ಲಿ ಊರಿನ ಹೆಸರೊಂದು ಹೀಗೆ ತಪ್ಪಾದರೆ ಮುಂದೆ ಹುಡುಕುವವರಿಗೆ ಅದು ಸಿಗುವುದೇ ಇಲ್ಲವಾದ್ದರಿಂದ, ಒಂದೊಂದು ಹೆಸರನ್ನೂ ಅವರಿಗೆ ಗಟ್ಟಿಯಾಗಿ ಓದಿ ಹೇಳಿ ಖಚಿತ ಮಾಡಿಕೊಳ್ಳುತ್ತಿದ್ದೇನೆ. ಅರ್ಧದಷ್ಟು ಅಧ್ಯಾಯಗಳು ಮುಗಿದಿವೆ. ಕೋಷ್ಟಕಗಳನ್ನು ಆರು ಇಂಚಿನ ಪರದೆಗೆ ಹೇಗೆ ಹೊಂದಿಸುವುದೆಂದು ಈ ವಾರ ಅವರೊಂದಿಗೆ ಕುಳಿತು ನೋಡಬೇಕಾಗಿದೆ. ನಾಲ್ಕು ಕಂಬಸಾಲುಗಳನ್ನು ಕೈಬಿಟ್ಟು, ಪ್ರತಿ ಕೆರೆಗೂ ಒಂದು ಚಿಕ್ಕ ಪ್ಯಾರಾ ಬರೆದುಕೊಡಲು ಅವರು ಒಪ್ಪಿದ್ದಾರೆ.